ಅಂಗಡಿಯ ಹೆಸರು ಮತ್ತು ಗೂಗಲ್‌ನ ಮೊದಲ ಸಾಲು

ವ್ಯವಹಾರ ಅಧ್ಯಯನದ ಮಾರ್ಕೆಟಿಂಗ್ ಪಾಠದಲ್ಲಿ ನಾವು ಬ್ರ್ಯಾಂಡ್ ಬಗ್ಗೆ ಓದುತ್ತೇವೆ. ಒಬ್ಬರ ವಸ್ತುವನ್ನು ಇನ್ನೊಬ್ಬರ ವಸ್ತುವಿನಿಂದ ಬೇರೆಯಾಗಿ ಗುರುತಿಸಲು ಬಳಸುವ ಹೆಸರು ಅಥವಾ ಚಿಹ್ನೆಯೇ ಬ್ರ್ಯಾಂಡ್. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಆದರೆ ಈಗ ಎಷ್ಟೋ ಗಿರಾಕಿಗಳು ಅಂಗಡಿಗೆ ಬರುವ ಮೊದಲು ಫೋನಿನಲ್ಲಿ ಹುಡುಕುತ್ತಾರೆ. ಹೆಸರು ಬೆಳೆಸಿದರೆ ಆ ಹುಡುಕಾಟದಲ್ಲಿ ಮೇಲೆ ಬರಬಹುದೇ? ಬಂದರೆ, ಅದು ಹೆಸರಿನಿಂದಲೇ ಎಂದು ತಿಳಿಯುವುದು ಹೇಗೆ?

ನನ್ನ ಮಾಮೂ ಅವರಿಗೆ ಒಂದು ಹಾಸಿಗೆ ಅಂಗಡಿ ಇದೆ. ಇತ್ತೀಚೆಗೆ ಒಬ್ಬರು ಬಂದು, ದುಡ್ಡು ಕೊಟ್ಟರೆ ಐದು ಸ್ಟಾರ್ ರಿವ್ಯೂಗಳನ್ನು ಹಾಕಿಸುತ್ತೇವೆ, ಅಂಗಡಿ ಗೂಗಲ್‌ನಲ್ಲಿ ಮೊದಲು ಬರುತ್ತದೆ ಎಂದರು. ಮಾಮೂ ನನ್ನ ಕಡೆ ತಿರುಗಿ, "ಕಾಮರ್ಸ್ ಓದುವವನು ನೀನು, ನೀನೇ ಹೇಳು" ಎಂದರು. ಅದಕ್ಕಾಗಿ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಪೇಜ್‌ರ್‍ಯಾಂಕ್ ಎಂಬ ಲೆಕ್ಕವನ್ನು ರೂಪಿಸಿದರು. 1998ರಲ್ಲಿ ಗೂಗಲ್ ಕಂಪನಿ ಶುರುವಾಯಿತು. ಒಂದು ಪುಟ ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಒಂದು ವೋಟಿನ ಹಾಗೆ. ಹೆಸರುವಾಸಿ ಪುಟದ ವೋಟಿಗೆ ತೂಕ ಹೆಚ್ಚು. ಊರಿನ ಅಂಗಡಿಗಳ ವಿಷಯದಲ್ಲಿ ಗೂಗಲ್ ಮುಖ್ಯವಾಗಿ ಮೂರು ಅಂಶಗಳನ್ನು ಹೇಳುತ್ತದೆ: ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ಈ ಸ್ಥಾನವನ್ನು ದುಡ್ಡು ಕೊಟ್ಟು ಪಡೆಯಲಾಗದು ಎಂದೂ ಹೇಳುತ್ತದೆ. ಜಾಹೀರಾತಿನ ಜಾಗ ಬೇರೆ.

ವೋಟು ಎಂದ ಮೇಲೆ ಅದನ್ನು ಕೊಳ್ಳುವವರೂ ಇರುತ್ತಾರೆ. ಅಮೆರಿಕದ ದೊಡ್ಡ ಅಂಗಡಿ ಸರಣಿ ಜೆ.ಸಿ. ಪೆನ್ನಿ ಬಟ್ಟೆ, ಹಾಸಿಗೆ, ಪೀಠೋಪಕರಣಗಳ ಹುಡುಕಾಟದಲ್ಲಿ ಮೊದಲ ಸ್ಥಾನದಲ್ಲಿತ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಲಿಂಕ್‌ಗಳು ಇದ್ದವು ಎಂದು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ತನಗೆ ಇದು ಗೊತ್ತಿರಲಿಲ್ಲ ಎಂದು ಕಂಪನಿ ಹೇಳಿತು. ಗೂಗಲ್ ಕ್ರಮ ಕೈಗೊಂಡಾಗ 'ಲಿವಿಂಗ್ ರೂಮ್ ಫರ್ನಿಚರ್' ಎಂಬ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದ ಕಂಪನಿ ಎರಡೇ ಗಂಟೆಯಲ್ಲಿ 68ಕ್ಕೆ ಇಳಿಯಿತು. 2012ರಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಬದಲಾವಣೆ ತಂದು, ಇಂಥ ಲಿಂಕ್‌ಗಳ ಮೇಲೆ ಇನ್ನಷ್ಟು ಬಿಗಿ ಮಾಡಿತು.

ರಿವ್ಯೂಗಳಿಗೂ ನಿಯಮ ಇದೆ. ದುಡ್ಡಿಗೆ ಬರೆಸಿದ ರಿವ್ಯೂಗಳನ್ನು ಗೂಗಲ್ ಒಪ್ಪುವುದಿಲ್ಲ. ನಮ್ಮ ದೇಶದಲ್ಲಿಯೂ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗಾಗಿ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ನಿಯಮಕ್ಕಿಂತ ಮೊದಲೇ ನಮಗೆ ಗೊತ್ತಿರುವ ಮಾತೂ ಒಂದಿದೆ. ಒದ್ದೆ ಧಾನ್ಯವನ್ನು ಒಣ ಧಾನ್ಯದ ಕೆಳಗೆ ಮುಚ್ಚಿಟ್ಟ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಸುಳ್ಳು ರಿವ್ಯೂ ಹಾಕಿಸುವುದೂ ಅದೇ ಬಗೆಯ ಕೆಲಸ.

ಹಾಗಾದರೆ ಸರಿಯಾದ ದಾರಿಯಲ್ಲಿ ಹೆಸರು ಬೆಳೆಸಿ, ಫಲವನ್ನು ಅಳೆಯುವುದು ಹೇಗೆ? ನಾನು ಹಾಕಿಕೊಂಡ ಕ್ರಮ ಇದು.

1. ಮೊದಲ ತಿಂಗಳು ಏನೂ ಬದಲಿಸದೆ ಬರೀ ಲೆಕ್ಕ ಬರೆಯುವುದು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಜನ ಯಾವ ಪದ ಹಾಕಿ ಹುಡುಕಿದರು, ಎಷ್ಟು ಜನ ಕರೆ ಮಾಡಿದರು, ದಾರಿ ಕೇಳಿದರು ಎಂಬುದು ಉಚಿತವಾಗಿ ಸಿಗುತ್ತದೆ.

2. 'ಹತ್ತಿ ಹಾಸಿಗೆ' ಎಂದು ಹುಡುಕಿದವರನ್ನೂ ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದವರನ್ನೂ ಬೇರೆ ಬೇರೆ ಬರೆಯುವುದು. ಹೆಸರು ಬೆಳೆಯುತ್ತಿದೆಯೇ ಎಂದು ಎರಡನೆಯ ಲೆಕ್ಕ ಹೇಳುತ್ತದೆ.

3. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಹೆಸರು. ಒಂದೇ ಉರ್ದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯಬಹುದು. ಬೋರ್ಡು, ಬಿಲ್ಲು, ಪ್ರೊಫೈಲ್ ಎಲ್ಲದರಲ್ಲೂ ಒಂದೇ ಸ್ಪೆಲ್ಲಿಂಗ್ ಇರಬೇಕು. ಮುಂದಿನ ತಿಂಗಳು ನಿಜವಾದ ಫೋಟೋಗಳು. ಆಮೇಲೆ, ಕೊಂಡವರಿಗೆ ಏನೂ ಆಸೆ ತೋರಿಸದೆ ರಿವ್ಯೂ ಬರೆಯಲು ಕೇಳುವುದು.

4. ಕೊನೆಗೆ ಒಂದು ಮೊಹಲ್ಲಾದಲ್ಲಿ ಮಾತ್ರ ಕರಪತ್ರ ಹಂಚುವುದು. ಬಂದ ಗಿರಾಕಿಯನ್ನು "ಎಲ್ಲಿಂದ ಬಂದಿರಿ, ಹೇಗೆ ಗೊತ್ತಾಯಿತು?" ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು, ಕರಪತ್ರ ಹಂಚದ ಮೊಹಲ್ಲಾದ ಜೊತೆ ಹೋಲಿಸುವುದು.

5. ಸ್ವಂತ ಫೋನಿನಲ್ಲಿ ಹುಡುಕಿ 'ಮೊದಲು ಬಂತು' ಎಂದು ನಂಬಬಾರದು. ನಾವು ನಿಂತ ಜಾಗ, ಹಿಂದೆ ಹುಡುಕಿದ್ದು ಎರಡೂ ಫಲಿತಾಂಶವನ್ನು ಬದಲಿಸಬಹುದು.

ಸಂಖ್ಯಾಶಾಸ್ತ್ರ ಓದುವವರಿಗೆ ಸಹಸಂಬಂಧದ ಪಾಠ ನೆನಪಿರಬಹುದು. ಎರಡು ಅಂಶಗಳು ಜೊತೆಗೇ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ. ಮದುವೆಯ ತಿಂಗಳುಗಳಲ್ಲಿ ಹಾಸಿಗೆಯ ಹುಡುಕಾಟ ತಾನಾಗಿಯೇ ಹೆಚ್ಚುತ್ತದೆ. ಆ ಏರಿಕೆಯನ್ನು ಕರಪತ್ರದ ಖಾತೆಗೆ ಜಮಾ ಮಾಡಬಾರದು. ಎರಡು ಮೊಹಲ್ಲಾಗಳ ಹೋಲಿಕೆ ಇರುವುದು ಅದಕ್ಕೇ: ಮದುವೆ ಎರಡೂ ಕಡೆ ನಡೆಯುತ್ತದೆ, ಕರಪತ್ರ ಹೋಗುವುದು ಒಂದೇ ಕಡೆ.

ಲೆಕ್ಕಶಾಸ್ತ್ರದಲ್ಲಿ ಗುಡ್‌ವಿಲ್ ಬಗ್ಗೆ ಒಂದು ನಿಯಮ ಇದೆ. ಹಣ ಕೊಟ್ಟು ಪಡೆದ ಗುಡ್‌ವಿಲ್ಲನ್ನು ಮಾತ್ರ ಪುಸ್ತಕದಲ್ಲಿ ತೋರಿಸಬಹುದು. ತಾನಾಗಿ ಬೆಳೆದದ್ದನ್ನು ತೋರಿಸುವಂತಿಲ್ಲ. ಹುಡುಕಾಟದಲ್ಲಿ ಇದು ತಿರುಗುಮುರುಗು. ಕೊಂಡುಕೊಂಡ ಹೆಸರನ್ನು ಯಾವಾಗ ಬೇಕಾದರೂ ಅಳಿಸಿಬಿಡಬಹುದು. ಗಿರಾಕಿಗಳು ತಾವಾಗಿ ಕೊಟ್ಟ ಹೆಸರು ಉಳಿಯುತ್ತದೆ.

ಮಾಮೂ ಆ ವ್ಯಕ್ತಿಗೆ ಬೇಡ ಎಂದು ಹೇಳಿದ್ದಾರೆ. ನೋಟ್‌ಬುಕ್ಕಿನ ಮೊದಲ ತಿಂಗಳು ನಡೆಯುತ್ತಿದೆ. ನಮ್ಮ ಕಾಲೇಜಿನಲ್ಲಿ ಅಂಗಡಿ ಇರುವ ಮನೆಗಳಿಂದ ಬಂದವರು ಬಹಳ ಜನ ಇದ್ದೀರಿ. ನೀವೂ ಹೀಗೆ ಲೆಕ್ಕ ಇಟ್ಟರೆ, ವರ್ಷದ ಕೊನೆಯಲ್ಲಿ ಎಲ್ಲರ ನೋಟ್‌ಬುಕ್ಕುಗಳನ್ನು ಒಟ್ಟಿಗೆ ಇಟ್ಟು ನೋಡಬಹುದು.