ದುಪಟ್ಟಾದಿಂದ ಕಫ್ತಾನ್

ಚೂಡಿದಾರ್ ಹರಿದರೂ ಅದರ ದುಪಟ್ಟಾ ಹೊಸದರಂತೆ ಬೀರುವಿನಲ್ಲಿ ಕೂತಿರುತ್ತದೆ. ಅದನ್ನೇನು ಮಾಡುವುದೆಂದು ಓದುಗರೊಬ್ಬರು ಕೇಳಿದ್ದಾರೆ. ಹೊಲಿಗೆಯಲ್ಲಿ ಕೈ ಪಳಗದವರಿಗೆ ಕಫ್ತಾನ್ ಒಳ್ಳೆಯ ಆರಂಭ.

ಎರಡೂಕಾಲು ಮೀಟರಿನ ಹತ್ತಿ ದುಪಟ್ಟಾವನ್ನು ಉದ್ದದಲ್ಲಿ ಅರ್ಧಕ್ಕೆ ಮಡಚಿದರೆ ಮೊಣಕಾಲಿನ ಆಸುಪಾಸಿಗೆ ಬರುತ್ತದೆ. ಮಡಿಕೆಯೇ ಹೆಗಲು. ಅದರ ನಡುವೆ 8 ಇಂಚು ಅಗಲ, ಮುಂದೆ 6 ಇಂಚು, ಹಿಂದೆ 1 ಇಂಚು ಆಳದ ಕೊರಳು ಸಾಕು. ಮೊದಲು ತುಸು ಚಿಕ್ಕದಾಗಿ ಕತ್ತರಿಸಿ, ತಲೆ ತೂರುತ್ತದೆಯೇ ನೋಡಿಕೊಂಡು ಹಿಗ್ಗಿಸುವುದು ಕ್ಷೇಮ. ಆ ಅಂಚಿಗೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಪೈಪಿಂಗ್ ಕೊಡಬೇಕು, ಇಲ್ಲದಿದ್ದರೆ ಕೊರಳು ಎಳೆದುಕೊಳ್ಳುತ್ತದೆ.

ಎದೆ ಸುತ್ತಳತೆಯ ಕಾಲುಭಾಗಕ್ಕೆ 3 ಇಂಚು ಸೇರಿಸಿ, ನಡುವಿನಿಂದ ಎರಡೂ ಬದಿಗೆ ಗುರುತು ಹಾಕಬೇಕು. ತೋಳಿಗೆ 10 ಇಂಚು ಬಿಟ್ಟು ಕೆಳಕ್ಕೆ ನೇರ ಹೊಲಿಗೆ. ಅಂಚುಗಳು ಮೊದಲೇ ಹೊಲಿದಿರುವುದರಿಂದ ಅರ್ಧ ಕೆಲಸ ಉಳಿತಾಯ!

ಶಿಫಾನ್ ಜಾರುತ್ತದೆ; ಅಡಿಯಲ್ಲಿ ತೆಳು ಕಾಗದವಿಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬಹುದು.