ಮಕ್ಕಳ ಮನಸ್ಸು: ಶಾಲೆ, ಮನೆ, ಆಸ್ಪತ್ರೆ



ಮಗನಿಗೆ ಜ್ವರ ಬಂದರೆ ತೋಟದ ಕೆಲಸ ಬಿಟ್ಟು, ಅಂಗಡಿಗೆ ಬೀಗ ಹಾಕಿ ಗೂಡಲೂರಿಗೋ ಉದಕಮಂಡಲಕ್ಕೋ ಓಡುತ್ತೇವೆ. ಅದೇ ಮಗ ವಾರಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಶಾಲೆಗೆ ಅಂಜಿ ಮೂಲೆ ಸೇರಿದರೆ 'ಸೋಮಾರಿ' ಎಂದು ಗದರುತ್ತೇವೆ. ಮಗಳಾದರೆ ಮುಂದೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಮುಚ್ಚಿಡುತ್ತೇವೆ.

ಇಂಥ ಬದಲಾವಣೆ ಎಷ್ಟೋ ಸಲ ಮೊದಲು ಕಾಣುವುದು ಶಿಕ್ಷಕರ ಕಣ್ಣಿಗೆ. ಅವರು ಕಂಡದ್ದು ವೈದ್ಯರಿಗೆ ಮುಟ್ಟಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಬಳಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಶಾಲೆಗಳ ಕೆಲಸವೂ ಮುಂದೆ ಅದರಲ್ಲಿ ಸೇರಿತು.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ಮನೆಮಾತು ಕನ್ನಡ, ಪಾಠ ತಮಿಳು ಅಥವಾ ಇಂಗ್ಲಿಷು. ಒಳಗಿನ ಸಂಕಟವನ್ನು ಪಾಠದ ಭಾಷೆಯಲ್ಲಿ ಹೇಳಲು ಮಗುವಿಗೆ ಬಾರದು. ಆದ್ದರಿಂದ ಶಿಕ್ಷಕರು ಹೇಳಿಕಳುಹಿಸಿದಾಗ, ಮಸಿನಗುಡಿಯಿಂದ ದೂರವೆನ್ನದೆ, ತಾಯಿಯೋ ತಂದೆಯೋ ಜೊತೆಗೆ ಹೋಗಿ ಮನೆಯಲ್ಲಿ ಕಂಡದ್ದನ್ನು ವೈದ್ಯರಿಗೆ ತಿಳಿಸಬೇಕು.

'ಸಾಯಬೇಕು' ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಹಠವೆಂದು ತಳ್ಳಬೇಡಿ. ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಹೊರಡಿ; ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದಲ್ಲಿಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಗೆ, ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.