ಸೊನ್ನೆಗೆ ಸೊನ್ನೆಯನ್ನೇ ಒತ್ತವ್ವಾ

ನೋಡವ್ವಾ, ಸೊಕ್ಕೆಯ ಸಂಘದ ಹಳೇ ಲೆಕ್ಕದ ಪುಸ್ತಕಗಳನ್ನ ಕಂಪ್ಯೂಟರಿಗೆ ಏರಿಸೋಕೆ ಕೂತಿದ್ದೀಯ, ಅದೂ ಕನ್ನಡ ಅಂಕಿಯಲ್ಲೇ. ಭಾಳ ಸಂತೋಷ. ಟೈಪಿಂಗ್ ನಿನಗೆ ನಾನೇನೂ ಕಲಿಸಬೇಕಾಗಿಲ್ಲ. ಸೊನ್ನೆಯ ವಿಚಾರ ಒಂದು ಹೇಳ್ತೀನಿ.

೧೦ ಅಂತ ಬರೆಯುವಾಗ ಎಷ್ಟೋ ಜನ ೧ರ ಪಕ್ಕ ಅನುಸ್ವಾರ ಹಾಕಿಬಿಡ್ತಾರೆ. ನುಡಿ ತಂತ್ರಾಂಶದಲ್ಲಿ ಶಿಫ್ಟ್ ಹಿಡಿದು ಎಂ ಒತ್ತಿದರೆ ದುಂಡಗಿನದೊಂದು ಬರುತ್ತಲ್ಲ, ಅಷ್ಟೇ ಸಾಕು ಅಂತ. ಅಚ್ಚು ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ಕಂಪ್ಯೂಟರು ಆಕಾರ ನೋಡೋದಿಲ್ಲ, ಸಂಕೇತದ ಸಂಖ್ಯೆ ನೋಡುತ್ತೆ. ಯೂನಿಕೋಡಿನಲ್ಲಿ ನಮ್ಮ ಸೊನ್ನೆಯ ಸಂಖ್ಯೆ 3302, ಅನುಸ್ವಾರದ್ದು 3202. ತೆಲುಗಿನ ಸೊನ್ನೆಯೂ ಹೀಗೇ ದುಂಡಗಿದೆ, ಅದರದು 3174. ನಾಳೆ ನೀನು ೫೦೦ ಅಂತ ಹುಡುಕಿದರೆ ಅನುಸ್ವಾರದ ಐನೂರು ಸಿಗೋದೇ ಇಲ್ಲ.

ಮೊದಲು ಇನ್ನೂ ತಾಪತ್ರಯವಿತ್ತು. 1991ರ ಇಸ್ಕಿ ಸಂಕೇತದಲ್ಲಿ ಕನ್ನಡದ ಒಂದಕ್ಕೂ ದೇವನಾಗರಿಯ ಒಂದಕ್ಕೂ ಒಂದೇ ಸಂಖ್ಯೆ. ಕೆಲವು ಹಳೇ ಫಾಂಟುಗಳಲ್ಲಂತೂ ಇಂಗ್ಲಿಷ್ ಅಂಕಿಯ ಜಾಗದಲ್ಲೇ ಕನ್ನಡ ಅಂಕಿಯ ಚಿತ್ರ ಕೂರಿಸಿದ್ದರು, ಫಾಂಟು ಬದಲಾದರೆ ಕನ್ನಡವೂ ಮಾಯ. ಯೂನಿಕೋಡು ೦ಯಿಂದ ೯ರವರೆಗೆ 3302ರಿಂದ 3311ರ ತನಕ ಸಾಲಾಗಿ ಜಾಗ ಕೊಟ್ಟಿತು. ಅಂಕಿಯ ಸಂಖ್ಯೆಯಲ್ಲಿ 3302 ಕಳೆದರೆ ಅದರ ಬೆಲೆಯೇ ಸಿಗುತ್ತೆ.

ಚೀನೀಯರಿಗೆ ಈ ಅನುಕೂಲ ಇಲ್ಲ. ಅವರ ಒಂದು, ಎರಡು, ಮೂರು ಉಳಿದ ಅಕ್ಷರಗಳ ಮಧ್ಯೆಯೇ ಇವೆ. ಒಂದರದು 19968, ಮೂರರದು 19977, ಎರಡರದು 20108. ಎರಡಕ್ಕಿಂತ ಮೂರು ಮೊದಲು ಬರುತ್ತೆ! ಒಂದು ಅಂದರೆ ಬರೀ ಒಂದು ಗೆರೆ, ಇನ್ನೊಂದು ಗೆರೆ ಎಳೆದರೆ ಎರಡಾಗುತ್ತೆ. ಅದಕ್ಕೇ ಹಣದ ಪತ್ರಕ್ಕೆ ತಿದ್ದಲಾಗದ ತೊಡಕಿನ ಅಂಕಿಗಳನ್ನ ಬೇರೆ ಇಟ್ಟುಕೊಂಡಿದ್ದಾರೆ, ಅವಕ್ಕೂ ಬೇರೆ ಸಂಖ್ಯೆ. ನಾವು ಚೆಕ್ಕಿನಲ್ಲಿ ಅಕ್ಷರದಲ್ಲಿ ಬರೆದು ‘ಮಾತ್ರ’ ಅಂತ ಸೇರಿಸೋದೂ ಅದೇ ಭಯಕ್ಕೇ.

ಇನ್ನೊಂದು ಮಾತು. ಪ್ರೋಗ್ರಾಮ್ ಬರೆಯುವ ಭಾಷೆಗಳಲ್ಲಿ ಪೈಥಾನ್ ೨೫ನ್ನು ಇಪ್ಪತ್ತೈದು ಅಂತಲೇ ಓದುತ್ತೆ, ಜಾವಾಸ್ಕ್ರಿಪ್ಟ್ ಓದೋದಿಲ್ಲ. ಆದ್ದರಿಂದ ಕೂಡಿಸಿ ಕಳೆಯುವ ಪಟ್ಟಿಯಲ್ಲಿ ಇಂಗ್ಲಿಷ್ ಅಂಕಿಯೇ ಇರಲಿ, ಅದಕ್ಕೇನೂ ಬೇಜಾರು ಬೇಡ. ಅಚ್ಚು ಹಾಕುವ ಪ್ರತಿಯಲ್ಲಿ ಕನ್ನಡ ಅಂಕಿ ಇಡು. ಇಲ್ಲೀತನಕ ಹೊಡೆದಿರೋ ಕಡತದಲ್ಲಿ ಅಂಕಿಯ ಬೆನ್ನಿಗೆ ಅನುಸ್ವಾರ ಕೂತಿರೋ ಕಡೆಯೆಲ್ಲಾ ಹುಡುಕಿ ಸೊನ್ನೆ ಹಾಕು. ಅದಾದ ಮೇಲೇ ಮುಂದಿನ ಪುಸ್ತಕ ತೆಗಿ.